ಕೈ ತಡೆದುಕೊಳ್ಳಬೇಕಾದ ದಿನಗಳು

ವಿದೇಶದ ವೈದ್ಯಕೀಯ ಸೇವಾ ಶಿಬಿರಕ್ಕೆ ಮೊದಲ ಬಾರಿ ಹೊರಟ ಕಿರಿಯ ವೈದ್ಯರು ಯಾವ ಔಷಧಿ, ಯಾವ ಉಪಕರಣ ಒಯ್ಯಬೇಕೆಂದು ನನ್ನನ್ನು ಕೇಳುತ್ತಾರೆ. ಅಲ್ಲಿ ಇಳಿದ ಮೊದಲ ಮೂರು ದಿನ ಏನನ್ನು ಮಾಡಬಾರದು ಎಂದು ಕೇಳಿದವರು ವಿರಳ. ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

ನನ್ನ ಮೊದಲ ಶಿಬಿರದ ಮೊದಲ ಬೆಳಿಗ್ಗೆ, ತಲೆನೋವೆಂದು ಬಂದ ಮೂವತ್ತರ ಆಸುಪಾಸಿನ ಮಹಿಳೆಯೊಬ್ಬರ ರಕ್ತದೊತ್ತಡ 168/104 ಇತ್ತು. ಅವರು ಬಹಳ ದೂರದಿಂದ ನಡೆದು ಬಂದು, ಬಿಸಿಲಿನಲ್ಲಿ ಸಾಲು ನಿಂತಿದ್ದವರು. ನಾವು ತಂದಿದ್ದ ಪೆಟ್ಟಿಗೆಯಿಂದ ರಕ್ತದೊತ್ತಡ ಇಳಿಸುವ ಎನಾಲಾಪ್ರಿಲ್ ಮಾತ್ರೆಯನ್ನು 30 ದಿನಕ್ಕೆ ಬರೆದುಕೊಟ್ಟೆ. ಸಂಜೆ ಅಲ್ಲಿಯ ಆರೋಗ್ಯ ಕೇಂದ್ರದ ಹಿರಿಯ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, ಯಾರ ಎದುರೂ ಅಲ್ಲದೆ, ಎರಡು ಪ್ರಶ್ನೆ ಕೇಳಿದರು. ಮೂವತ್ತೊಂದನೆಯ ದಿನ ಆಕೆ ಈ ಮಾತ್ರೆಯನ್ನು ಎಲ್ಲಿಂದ ತರಬೇಕು? ಆಕೆ ಗರ್ಭಿಣಿಯೇ ಎಂದು ವಿಚಾರಿಸಿದಿರಾ?

ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ರಕ್ತದೊತ್ತಡದ ಚಿಕಿತ್ಸೆ ಸಾಮಾನ್ಯವಾಗಿ ಜೀವನಪರ್ಯಂತ ನಡೆಯುವಂಥದ್ದು. ತುರ್ತು ಲಕ್ಷಣಗಳಿಲ್ಲದಿದ್ದರೆ ಬೇರೆ ಬೇರೆ ದಿನಗಳಲ್ಲಿ ಅಳೆದು ನೋಡದೆ ಅದನ್ನು ಆರಂಭಿಸುವ ಅವಸರವಿರುವುದಿಲ್ಲ. ಎನಾಲಾಪ್ರಿಲ್ ಗರ್ಭದಲ್ಲಿರುವ ಶಿಶುವಿನ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು, ಮೇಲಾಗಿ ಅದನ್ನು ಕೊಟ್ಟ ಮೇಲೆ ರಕ್ತದಲ್ಲಿ ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುವ ಕ್ರಿಯಾಟಿನಿನ್ ಎಷ್ಟಿವೆಯೆಂದು ನೋಡಬೇಕಾಗುತ್ತದೆ. ಆ ಕೇಂದ್ರದಲ್ಲಿ ಆ ಪರೀಕ್ಷೆಯೂ ಇರಲಿಲ್ಲ, ಆ ಮಾತ್ರೆಯೂ ಇರಲಿಲ್ಲ. ಇದನ್ನೆಲ್ಲ ನಾನು ಓದಿಕೊಂಡೇ ಬಂದಿದ್ದೆ. ಅದನ್ನು ಮರೆಸಿದ್ದು ಹೊರಗೆ ಕಾಯುತ್ತಿದ್ದ ಜನರ ಸಾಲು.

ಆದ್ದರಿಂದ ಈಗ ನಾನು ಮೊದಲ ದಿನವನ್ನು ರೋಗಿಗಳ ಮುಂದೆ ಕಳೆಯುವುದಕ್ಕಿಂತ ಹೆಚ್ಚಾಗಿ ಔಷಧಿಯ ಕಪಾಟಿನ ಮುಂದೆ ಕಳೆಯುತ್ತೇನೆ. ಅಲ್ಲಿ ವರ್ಷವಿಡೀ ಸಿಗುವ ಮಾತ್ರೆಗಳು ಯಾವುವು, ಆ ದೇಶದ ಚಿಕಿತ್ಸಾ ಮಾರ್ಗಸೂಚಿ ಮಲೇರಿಯಾಕ್ಕೆ ಯಾವ ಔಷಧಿಯನ್ನು ಹೇಳುತ್ತದೆ, ಸಿಸೇರಿಯನ್ ಮಾಡಬಲ್ಲ ಆಸ್ಪತ್ರೆ ಎಷ್ಟು ಗಂಟೆಯ ದಾರಿ, ರಾತ್ರಿ ವಾಹನ ಸಿಗುತ್ತದೆಯೇ, ಅದರ ವೆಚ್ಚ ಯಾರದು ಎಂಬುದನ್ನು ಅಲ್ಲಿಯ ಸಿಬ್ಬಂದಿಯಿಂದಲೇ ಕೇಳಿ ಬರೆದುಕೊಳ್ಳುತ್ತೇನೆ. ಹೊರಗಿನಿಂದ ಒಯ್ಯುವ ಔಷಧಿಗಳ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಸ್ಪಷ್ಟವಾಗಿದೆ: ಅವು ಆ ದೇಶ ಒಪ್ಪಿದ ಔಷಧಿಗಳಾಗಿರಬೇಕು, ತಲುಪುವಾಗ ಅವಧಿ ಮುಗಿಯಲು ಸಾಮಾನ್ಯವಾಗಿ ಕನಿಷ್ಠ ಒಂದು ವರ್ಷವಾದರೂ ಉಳಿದಿರಬೇಕು, ಔಷಧಿಗೆ ಅಂಟಿಸಿದ ಚೀಟಿಯ ಬರಹ ಅಲ್ಲಿಯ ಸಿಬ್ಬಂದಿಗೆ ಅರ್ಥವಾಗಬೇಕು. ನಮ್ಮ ಕ್ಲಿನಿಕ್ಕಿನಲ್ಲಿ ಉಳಿದ ಸ್ಯಾಂಪಲ್‌ಗಳನ್ನು ತುಂಬಿಕೊಂಡು ಹೋಗುವುದನ್ನು ದಾನವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ನರ್ಸ್ ಕೇಳಿದ ಎರಡನೆಯ ಪ್ರಶ್ನೆಯ ಬೇರು ದುಭಾಷಿಯಲ್ಲಿತ್ತು. ಆ ಬೆಳಿಗ್ಗೆ ನನ್ನ ಪಕ್ಕದಲ್ಲಿ ಕುಳಿತಿದ್ದವನು ಅದೇ ಊರಿನ ಇಪ್ಪತ್ತರ ಹುಡುಗ. ಮುಟ್ಟಿನ ಬಗ್ಗೆ ಅವನ ಮೂಲಕ ಕೇಳಲು ನಾನು ಹಿಂಜರಿದೆ, ಕೇಳಿದ್ದರೂ ಆಕೆ ಉತ್ತರಿಸುತ್ತಿದ್ದರೆಂಬ ಖಾತ್ರಿಯಿಲ್ಲ. ದುಭಾಷಿ ಯಾರು, ರೋಗಿಗೆ ಅವರು ಏನಾಗಬೇಕು ಎಂಬುದನ್ನು ಮೊದಲೇ ತಿಳಿದಿರಬೇಕು. ಮನೆಯ ಮಕ್ಕಳನ್ನಂತೂ ಈ ಕೆಲಸಕ್ಕೆ ಕೂರಿಸಬಾರದು. ನೋಟ ರೋಗಿಯ ಮೇಲಿರಲಿ, ವಾಕ್ಯಗಳು ಚಿಕ್ಕದಾಗಿರಲಿ. ಕೊನೆಯಲ್ಲಿ "ಅರ್ಥವಾಯಿತೇ" ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಮಾತ್ರೆಯನ್ನು ಹೇಗೆ ತೆಗೆದುಕೊಳ್ಳುತ್ತೀರೆಂದು ಅವರಿಂದಲೇ ಹೇಳಿಸಿದಾಗ ಮಾತ್ರ ನಿಜ ಗೊತ್ತಾಗುತ್ತದೆ.

ತನ್ನ ಊರಿನಲ್ಲಿ ಮಾಡಲು ಅನುಮತಿಯಿಲ್ಲದ್ದನ್ನು ಶಿಬಿರದಲ್ಲಿ ಮಾಡಿ ಕಲಿಯಬಹುದೆಂಬ ಆಸೆ ವಿದ್ಯಾರ್ಥಿಗಳಲ್ಲಿ ಇರುತ್ತದೆ. ಅದನ್ನು ಮೊದಲ ದಿನವೇ ನಿಲ್ಲಿಸಬೇಕು. 2010ರ ಹೈಟಿ ಭೂಕಂಪಕ್ಕೆ ಧಾವಿಸಿದ ವಿದೇಶಿ ತಂಡಗಳಲ್ಲಿ ಹಲವಕ್ಕೆ ಸಾಕಷ್ಟು ತರಬೇತಿಯಾಗಲಿ ಸಿದ್ಧತೆಯಾಗಲಿ ಇರಲಿಲ್ಲವೆಂಬ ಟೀಕೆ ಬಂದ ಮೇಲೆ, 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ತಂಡಗಳನ್ನು ವರ್ಗೀಕರಿಸಿ ಕನಿಷ್ಠ ಮಾನದಂಡಗಳನ್ನು ಪ್ರಕಟಿಸಿತು. ಅವು ವಿಪತ್ತಿನ ಸಂದರ್ಭಕ್ಕೆ ಬರೆದವು, ನಿಜ. ಆದರೆ ಪರವಾನಗಿ, ಪರಿಣತಿ ಮತ್ತು ದಾಖಲೆಯ ವಿಷಯದಲ್ಲಿ ಸಾಮಾನ್ಯ ಶಿಬಿರಕ್ಕೆ ಅದಕ್ಕಿಂತ ಸಡಿಲವಾದ ಅಳತೆಗೋಲು ಏಕಿರಬೇಕೆಂದು ನನಗೆ ತಿಳಿಯದು.

ಸ್ವಂತ ಆರೋಗ್ಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕೆಲವು ದೇಶಗಳು ಕೇಳುವ ಪೀತಜ್ವರದ (ಯೆಲ್ಲೋ ಫೀವರ್) ಲಸಿಕೆಯ ಪ್ರಮಾಣಪತ್ರ ಮೊದಲ ಬಾರಿ ಚುಚ್ಚಿಸಿಕೊಂಡ 10 ದಿನಗಳ ನಂತರವಷ್ಟೇ ಸಿಂಧುವಾಗುತ್ತದೆ. ಮಲೇರಿಯಾ ತಡೆಯಲು ಡಾಕ್ಸಿಸೈಕ್ಲಿನ್ ನುಂಗುವವರು ಮಲೇರಿಯಾ ಪ್ರದೇಶ ಬಿಟ್ಟ ಮೇಲೂ ನಾಲ್ಕು ವಾರ ಅದನ್ನು ಮುಂದುವರಿಸಬೇಕು. ಬಳಸಿದ ಸೂಜಿ ಕೈಗೆ ಚುಚ್ಚಿದಾಗ ಎಚ್‌ಐವಿ ತಡೆಯುವ ಔಷಧಿಯನ್ನು ಆದಷ್ಟು ಬೇಗ, ಹೆಚ್ಚೆಂದರೆ 72 ಗಂಟೆಯೊಳಗೆ ಆರಂಭಿಸಿ 28 ದಿನ ತೆಗೆದುಕೊಳ್ಳಬೇಕಾಗುತ್ತದೆ. ಅದು ಎಲ್ಲಿದೆ, ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು ಮೊದಲ ಇಂಜೆಕ್ಷನ್ ಕೊಡುವ ಮುಂಚೆಯೇ ಕೇಳಿಟ್ಟುಕೊಳ್ಳಿ.

ಮರುದಿನ ಆ ನರ್ಸ್ ಆ ಮಹಿಳೆಯನ್ನು ಮತ್ತೆ ಕರೆಸಿ, ಬಾಗಿಲು ಮುಚ್ಚಿ ಒಬ್ಬರೇ ಮಾತನಾಡಿಸಿ, ಗರ್ಭ ಪರೀಕ್ಷೆ ಮಾಡಿದರು. ಗರ್ಭಿಣಿಯಾಗಿರಲಿಲ್ಲ. ನನ್ನ ಮಾತ್ರೆಗಳನ್ನು ಹಿಂದಕ್ಕೆ ಪಡೆದೆವು; ಅರ್ಧ ಗಂಟೆ ಕೂರಿಸಿ ಅಳೆದಾಗ ರಕ್ತದೊತ್ತಡ 150/94 ಬಂತು. ಔಷಧಿ ಆರಂಭಿಸದೆ, ಮತ್ತೆ ಅಳೆಯಲು ಬರಬೇಕಾದ ದಿನವನ್ನು ಅವರು ಕೇಂದ್ರದ ಕಾರ್ಡಿನಲ್ಲಿ ತಮ್ಮ ಭಾಷೆಯಲ್ಲಿ ಬರೆದುಕೊಟ್ಟರು. ಯಾವ ದಿನವೆಂದು ಕೇಳಿದೆ. ನಾನು ಹೊರಟುಹೋದ ಎರಡು ವಾರಗಳ ನಂತರದ ದಿನ ಅದು.