ಬೋರ್ಡೋ ಬಾಟಲಿ ಮೇಲೆ ಐರಿಷ್ ಹೆಸರು ಯಾಕೆ?

ಹೋಟೆಲ್ ಸಿಬ್ಬಂದಿಗೆ ವೈನ್ ಪಾಠ ಹೇಳುವುದು ನನ್ನ ಕೆಲಸ. ಫ್ರಾನ್ಸಿನ ಬೋರ್ಡೋ ಪಾಠ ಬಂದಾಗಲೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: "ಸರ್, ಲಿಂಚ್, ಬಾರ್ಟನ್, ಕಿರ್ವನ್... ಇವು ಫ್ರೆಂಚ್ ಹೆಸರಿನ ಥರ ಇಲ್ವಲ್ಲ?" ಇಲ್ಲ ನಿಜ. ಇವು ಐರ್ಲೆಂಡಿನಿಂದ ಬಂದು ನೆಲೆಸಿದ ಮನೆತನಗಳ ಹೆಸರು. ಇಂಥವರಿಗೆ ವೈನ್ ಲೋಕದಲ್ಲಿ ಒಂದು ಅಡ್ಡಹೆಸರೂ ಇದೆ: 'ವೈನ್ ಗೀಸ್', ಅಂದರೆ ವೈನ್ ಬಾತುಗಳು.

ಐರ್ಲೆಂಡ್ ಅಂದ ಕೂಡಲೇ ನಮಗೆ ನೆನಪಾಗುವುದು ವಿಸ್ಕಿ, ಗಿನ್ನೆಸ್ ಬಿಯರ್. ದ್ರಾಕ್ಷಿ ಹಣ್ಣಾಗುವುದೇ ಕಷ್ಟವಾದ ಆ ದೇಶ ವೈನಿಗೆ ಏನು ಕೊಟ್ಟೀತು ಅನ್ನಿಸುವುದು ಸಹಜ. ಆದರೆ ದ್ರಾಕ್ಷಿ ಹಿಂಡಿದ ಮೇಲೂ ವೈನಿನ ಅರ್ಧ ಕೆಲಸ ಬಾಕಿ ಇರುತ್ತದೆ. ಅದನ್ನು ಪೀಪಾಯಿಯಲ್ಲಿ ನೋಡಿಕೊಳ್ಳಬೇಕು, ಹದಕ್ಕೆ ತರಬೇಕು, ಕೆಡದಂತೆ ಸಮುದ್ರ ದಾಟಿಸಬೇಕು, ಕುಡಿಯುವವರಿಗೆ ತಲುಪಿಸಬೇಕು. ಐರಿಷರು ಪಳಗಿದ್ದು ಈ ಎರಡನೇ ಅರ್ಧದಲ್ಲಿ. ನಮ್ಮ ಪಾಠಗಳಲ್ಲಿ ಮಣ್ಣು, ತಳಿ, ತೋಟಕ್ಕೆ ಸಿಗುವ ಜಾಗ ಈ ಕೆಲಸಕ್ಕೆ ಸಿಗುವುದಿಲ್ಲ. ಸಿಗಲೇಬೇಕು ಅನ್ನುವುದು ನನ್ನ ವಾದ.

ಮೊದಲು ಐರ್ಲೆಂಡಿನ ತೋಟದ ವಿಷಯ ಮುಗಿಸಿಬಿಡೋಣ. ಅಲ್ಲಿ ಚಳಿಗಾಲ ಅಂಥ ಕಡುಕಷ್ಟದ್ದಲ್ಲ. ಸಾಗರದ ಬೆಚ್ಚನೆಯ ಪ್ರವಾಹ ಕಾಪಾಡುತ್ತದೆ. ತೊಂದರೆ ಇರುವುದು ಬೇಸಿಗೆಯಲ್ಲಿ. ಬಿಸಿಲು ಸಾಲದು, ಮೋಡ ಜಾಸ್ತಿ, ಗಾಳಿಯಲ್ಲಿ ಸದಾ ತೇವ. ಕಾಯಿ ಹುಳಿಯಲ್ಲೇ ನಿಂತುಬಿಡುತ್ತದೆ, ಬಳ್ಳಿಗೆ ಬೂಜು ಹತ್ತುತ್ತದೆ. ವಿಜಯಪುರದ ಬೆಳೆಗಾರರು ಮಳೆ ಬಿದ್ದ ವಾರ 'ಡೌನಿ ಬಂತು' ಅಂತ ಹೆದರುತ್ತಾರಲ್ಲ, ಅದೇ ರೋಗ ಅಲ್ಲಿ ಬೇಸಿಗೆಯುದ್ದಕ್ಕೂ ಕಾಡುತ್ತದೆ. ಹಾಗಾಗಿ ಕಾರ್ಕ್ ಕಡೆಯ ಕಿನ್‌ಸೇಲ್‌ನಲ್ಲಿ, ಡಬ್ಲಿನ್ ಉತ್ತರದ ಲಸ್ಕ್‌ನಲ್ಲಿ ಬೆಳೆಯುವವರು ರೊಂಡೋ ಎಂಬ ಕಪ್ಪು ದ್ರಾಕ್ಷಿಯನ್ನು ನೆಚ್ಚಿದ್ದಾರೆ. ಏಷ್ಯಾದ ಅಮೂರ್ ಕಾಡುದ್ರಾಕ್ಷಿಯ ರಕ್ತ ಇರುವ ತಳಿ ಅದು, ಬೇಗ ಹಣ್ಣಾಗುತ್ತದೆ. ಲಸ್ಕ್‌ನಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕ್ಯಾಬರ್ನೆ ಸೋವಿನ್ಯಾನ್ ಕೂಡ ಬೆಳೆಸಿ 'ಲಸ್ಕಾ' ಹೆಸರಲ್ಲಿ ವೈನ್ ಮಾಡಿದ್ದಾರೆ. ಛಲದ ಕೆಲಸ ಅದು. ಆದರೆ ಪ್ರಮಾಣ ತೀರಾ ಕಡಿಮೆ.

ಬೋರ್ಡೋಗೆ ಐರಿಷರು ಬಂದದ್ದು ಹೇಗೆ? ಐರ್ಲೆಂಡಿನ ಯುದ್ಧ ಮುಗಿಸಿದ 1691ರ ಲಿಮರಿಕ್ ಒಪ್ಪಂದದ ನಂತರ ಸೋತ ಐರಿಷ್ ಕ್ಯಾಥೊಲಿಕ್ ಸೈನಿಕರು ಸಾವಿರಗಟ್ಟಲೆ ಫ್ರಾನ್ಸಿಗೆ ಹೋದರು. ವೈನಿನ ಕಥೆ ಹೇಳುವವರೆಲ್ಲ ಇಲ್ಲಿಂದಲೇ ಶುರು ಮಾಡುತ್ತಾರೆ. ಕೇಳಲು ಚೆನ್ನಾಗಿದೆ, ಆದರೆ ಪೂರ್ತಿ ಕಥೆ ಅಲ್ಲ. ಇನ್ನೊಂದು ಕಾರಣ ದನದ ಮಾಂಸ ಮತ್ತು ಬೆಣ್ಣೆ. 1660ರ ದಶಕದಲ್ಲಿ ಇಂಗ್ಲೆಂಡ್ ಐರ್ಲೆಂಡಿನ ದನಗಳನ್ನು ಒಳಗೆ ಬಿಡದಂತೆ ಕಾನೂನು ಮಾಡಿತು. ಐರಿಷರು ಮಾಂಸಕ್ಕೆ ಉಪ್ಪು ಹಾಕಿ, ಬೆಣ್ಣೆ ತುಂಬಿ ಫ್ರಾನ್ಸಿಗೆ ಸಾಗಿಸಿದರು. ಅವೇ ಹಡಗುಗಳು ಬರುವಾಗ ವೈನ್ ತಂದವು. ಫ್ರೆಂಚ್ ವೈನಿನ ಮೇಲೆ ಐರ್ಲೆಂಡಿನಲ್ಲಿ ಸುಂಕವೂ ಇಂಗ್ಲೆಂಡಿಗಿಂತ ಕಡಿಮೆ ಇತ್ತು. ವ್ಯಾಪಾರಕ್ಕೆ ಇನ್ನೇನು ಬೇಕು?

ಹಾಗೆ ಬಂದವರಲ್ಲಿ ದೊಡ್ಡ ಹೆಸರು ಐರ್ಲೆಂಡಿನ ಫರ್ಮನಾ ಎಂಬ ಸೀಮೆಯ ಥಾಮಸ್ ಬಾರ್ಟನ್. ಈತ ಪ್ರಾಟೆಸ್ಟಂಟ್, ಓಡಿಬಂದ ಸೈನಿಕನೇನಲ್ಲ. ಶುದ್ಧ ವ್ಯಾಪಾರಿ. 1725ರಲ್ಲಿ ಬೋರ್ಡೋದಲ್ಲಿ ಅಂಗಡಿ ಹೂಡಿದ. ಜನ ಅವನನ್ನು 'ಫ್ರೆಂಚ್ ಟಾಮ್' ಅನ್ನುತ್ತಿದ್ದರು. ಫ್ರಾನ್ಸಿನಲ್ಲಿ ವಿದೇಶಿ ಸತ್ತರೆ ಅವನ ಆಸ್ತಿ ರಾಜನ ಪಾಲಾಗಬಹುದಿತ್ತು. ಹಾಗಾಗಿ ಗಳಿಸಿದ್ದರಲ್ಲಿ ಐರ್ಲೆಂಡಿನ ಟಿಪ್ಪರರಿಯಲ್ಲಿ ಜಮೀನು ಕೊಂಡ. ಬೋರ್ಡೋದಲ್ಲಿ ಅವನ ಬಂಡವಾಳ ಇದ್ದದ್ದು ನೆಲಮಾಳಿಗೆಯ ಪೀಪಾಯಿಗಳಲ್ಲಿ.

ಆ ನೆಲಮಾಳಿಗೆಗಳು ಗಾರೋನ್ ನದಿ ದಂಡೆಯ ಶಾರ್ತ್ರೋನ್ ಬಡಾವಣೆಯಲ್ಲಿದ್ದವು. ತೋಟದವರು ಹೊಸ ವೈನನ್ನು ಪೀಪಾಯಿ ಸಮೇತ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಬೋರ್ಡೋ ಪೀಪಾಯಿ ಅಂದರೆ ಇವತ್ತಿಗೂ 225 ಲೀಟರ್. ಹೊಸ ವೈನ್ ಕಲಕಿದ ಹಾಗಿರುತ್ತದೆ, ಬಾಯಿಗೆ ವಿಪರೀತ ಒಗರು. ಮರದ ಸಂದಿನಿಂದ ಅದು ಆರಿ ಕಡಿಮೆಯಾಗುತ್ತಲೇ ಇರುತ್ತದೆ. ಖಾಲಿಯಾದ ಜಾಗಕ್ಕೆ ಗಾಳಿ ಸೇರಿದರೆ ವಿನೆಗರ್ ಆಯಿತು ಅಂತಲೇ ಲೆಕ್ಕ. ಹಾಗಾಗಿ ಬಿಡದೆ ಕಂಠಮಟ್ಟ ತುಂಬಿಸುತ್ತಿರಬೇಕು. ಕೆಲವು ತಿಂಗಳಿಗೊಮ್ಮೆ ತಳದ ಗಸಿ ಬಿಟ್ಟು ತಿಳಿಯನ್ನಷ್ಟೇ ಬೇರೆ ಪೀಪಾಯಿಗೆ ಬಸಿಯಬೇಕು. ಪೀಪಾಯಿಗೆ ಐದಾರು ಮೊಟ್ಟೆಯ ಬಿಳಿಭಾಗ ಕಡೆದು ಹಾಕುತ್ತಾರೆ. ಅದು ಒಗರನ್ನು ಹಿಡಿದುಕೊಂಡು ನಿಧಾನವಾಗಿ ತಳಕ್ಕಿಳಿಯುತ್ತದೆ, ಮೇಲೆ ವೈನ್ ತಿಳಿಯಾಗುತ್ತದೆ. ಈಗಲೂ ಹಲವು ಒಳ್ಳೆಯ ವೈನ್ ಮನೆಗಳಲ್ಲಿ ಇದೇ ರೀತಿ.

ಇದರ ಜೊತೆಗೆ ಇನ್ನೊಂದು ಕೈಚಳಕ ಇತ್ತು. ಡಬ್ಲಿನ್, ಲಂಡನ್ ಗಿರಾಕಿಗಳಿಗೆ ಬೋರ್ಡೋ ವೈನ್ ತೀರಾ ತೆಳು ಅನ್ನಿಸುತ್ತಿತ್ತು. ವರ್ತಕರು ಅದಕ್ಕೆ ರೋನ್ ಕಣಿವೆಯ ಎರ್ಮಿತಾಜ್ ವೈನನ್ನೋ ಸ್ಪೇನಿನ ದಪ್ಪ ಕೆಂಪು ವೈನನ್ನೋ ಬೆರೆಸಿ ಮೈ ತುಂಬಿಸುತ್ತಿದ್ದರು. ಲಾಫಿಟ್‌ನಂಥ ದೊಡ್ಡ ತೋಟದ ವೈನಿಗೂ ಇದೇ ಉಪಚಾರ ನಡೆಯಿತು. ಇವತ್ತು ಹಾಗೆ ಮಾಡಿ ಬೋರ್ಡೋ ಅಂತ ಮಾರಿದರೆ ಕಾನೂನು ಬಿಡುವುದಿಲ್ಲ. ಆದರೆ ಅಂದಿನ ಮಟ್ಟಿಗೆ ಇದನ್ನು ಕಲಬೆರಕೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಗಿರಾಕಿ ಇಷ್ಟಪಟ್ಟು ಕೇಳಿದ್ದೇ ಅದನ್ನು. ತೋಟದವರೇ ಬಾಟಲಿ ತುಂಬಿಸುವ ಪದ್ಧತಿಗೆ ಮೂತೋನ್ ತೋಟ ದಾರಿ ಹಾಕಿದ್ದು 1924ರ ವೈನಿನಿಂದ. ಅಲ್ಲಿಯವರೆಗೆ ಬೋರ್ಡೋ ರುಚಿ ಹೇಗಿರಬೇಕು ಅನ್ನುವುದರಲ್ಲಿ ವರ್ತಕನ ನಾಲಿಗೆಯದೇ ದೊಡ್ಡ ಪಾಲು.

ಥಾಮಸ್‌ನ ಮೊಮ್ಮಗ ಹ್ಯೂ ಬಾರ್ಟನ್ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಜೈಲು ಸೇರಿದ, ಹೇಗೋ ಬಿಡಿಸಿಕೊಂಡು ದೇಶ ಬಿಟ್ಟ. ಇಲ್ಲದಾಗ ವ್ಯಾಪಾರ ಉಳಿಸಿದ್ದು ಡೇನಿಯಲ್ ಗೆಸ್ತಿಯೇ ಎಂಬ ಫ್ರೆಂಚ್ ಗೆಳೆಯ. 1802ರಲ್ಲಿ ಇಬ್ಬರೂ ಪಾಲುದಾರರಾದರು. ಹ್ಯೂ 1821ರಲ್ಲಿ ಲಾಂಗ್ವಾ ತೋಟವನ್ನೂ 1826ರಲ್ಲಿ ಲೆಯೋವಿಲ್ ತೋಟದ ಒಂದು ಭಾಗವನ್ನೂ ಕೊಂಡ. ಎರಡೂ ಇಂದಿಗೂ ಅದೇ ಮನೆತನದ ಕೈಯಲ್ಲಿವೆ.

ಗಾಲ್ವೇಯಿಂದ ಬಂದ ಲಿಂಚ್ ಮನೆಗೆ ಬಾಜ್ ತೋಟ ಮದುವೆ ಸಂಬಂಧದಿಂದ ಬಂತು. ಆ ಮನೆಯ ಜಾನ್ ಬ್ಯಾಪ್ಟಿಸ್ಟ್ ಲಿಂಚ್ 1809ರಲ್ಲಿ ಬೋರ್ಡೋ ಮೇಯರ್ ಆದ. 1814ರ ಮಾರ್ಚ್ 12ರಂದು ನೆಪೋಲಿಯನ್‌ನ ಪಕ್ಷ ಬಿಟ್ಟು, ವೆಲ್ಲಿಂಗ್ಟನ್ ಕಳಿಸಿದ ಸೇನೆಗೆ ಊರನ್ನು ಒಪ್ಪಿಸಿದ್ದು ಅವನೇ. ಈ ವೆಲ್ಲಿಂಗ್ಟನ್ ಬೇರೆ ಯಾರೂ ಅಲ್ಲ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿದ್ದ ಆರ್ಥರ್ ವೆಲ್ಲೆಸ್ಲಿ. ಅವನೂ ಐರ್ಲೆಂಡಿನಲ್ಲೇ ಹುಟ್ಟಿದವನು.

ಬೋರ್ಡೋ ಆಚೆಗೂ ಇವರ ಹೆಜ್ಜೆ ಇದೆ. ಕಾರ್ಕ್‌ನ ರಿಚರ್ಡ್ ಹೆನ್ನೆಸ್ಸಿ ಫ್ರೆಂಚ್ ಸೇನೆಯಲ್ಲಿದ್ದು, 1765ರಲ್ಲಿ ಕೊನ್ಯಾಕ್ ಬ್ರಾಂದಿಯ ವ್ಯಾಪಾರ ಶುರು ಮಾಡಿದ. ವಾಟರ್‌ಫೋರ್ಡ್‌ನ ವಿಲಿಯಂ ಗಾರ್ವಿ ಸ್ಪೇನಿನ ಹೆರೆಸ್‌ನಲ್ಲಿ ಶೆರ್ರಿ ಎಂಬ ವೈನಿನ ವ್ಯಾಪಾರ ಮನೆ ಕಟ್ಟಿದ. ಅರಾನ್ ದ್ವೀಪದ ಜೇಮ್ಸ್ ಕಾನ್‌ಕ್ಯಾನನ್ 1883ರಲ್ಲಿ ಕ್ಯಾಲಿಫೋರ್ನಿಯಾದ ಲಿವರ್‌ಮೋರ್‌ನಲ್ಲಿ ಚರ್ಚಿನ ಪೂಜೆಗೆ ಬೇಕಾದ ವೈನ್ ಮಾಡಲು ತೋಟ ಹಾಕಿದ. ಮುಂದೆ ಅಮೆರಿಕದಲ್ಲಿ ಮದ್ಯ ನಿಷೇಧ ಬಂದಾಗ ಆ ಮನೆಯನ್ನು ಉಳಿಸಿದ್ದು ಆ ಪೂಜೆಯ ವೈನೇ.

ಕೊಳ್ಳುವವರಿಗೆ ಒಂದು ಮಾತು. 'ಬಾರ್ಟನ್ ಎಂಡ್ ಗೆಸ್ತಿಯೇ' ಅಂತ ಲೇಬಲ್ ಇರುವ ಬಾಟಲಿಯೂ 'ಲೆಯೋವಿಲ್ ಬಾರ್ಟನ್' ಬಾಟಲಿಯೂ ಒಂದೇ ಅಲ್ಲ. ಮೊದಲನೆಯದು ಹಳೇ ವ್ಯಾಪಾರ ಸಂಸ್ಥೆಯ ಹೆಸರು. ಅದರ ಒಡೆತನ ಈಗ ಬಾರ್ಟನ್ ಮನೆತನದ್ದಲ್ಲ, ಬಾಟಲಿಗಳೂ ಹೆಚ್ಚಿನವು ದಿನಬಳಕೆಯ ವೈನ್‌ಗಳು. ಎರಡನೆಯದು ಒಂದೇ ತೋಟದ್ದು. ಬೋರ್ಡೋದ ದೊಡ್ಡ ತೋಟಗಳಿಗೆ ದರ್ಜೆ ಕೊಟ್ಟ 1855ರ ಪಟ್ಟಿಯಲ್ಲಿ ಎರಡನೇ ದರ್ಜೆ, ಬೆಲೆಯೂ ಅದಕ್ಕೆ ತಕ್ಕಂತೆ. ಲಾಂಗ್ವಾ ಬಾರ್ಟನ್ ಮೂರನೇ ದರ್ಜೆ, ಸ್ವಲ್ಪ ಅಗ್ಗ. ಎರಡೂ ತಯಾರಾಗುವುದು ಲಾಂಗ್ವಾದ ಒಂದೇ ನೆಲಮಾಳಿಗೆಯಲ್ಲಿ. ನಾಲ್ಕು ಜನ ಸೇರಿ ದುಡ್ಡು ಹಾಕುವುದಾದರೆ ನಾನು ಲಾಂಗ್ವಾವನ್ನೇ ಹೇಳುತ್ತೇನೆ. ಕನಿಷ್ಠ ಹತ್ತು ವರ್ಷ ಹಳೆಯದು ಸಿಕ್ಕರೆ ನೋಡಿ, ಕುಡಿಯುವ ಒಂದು ಗಂಟೆ ಮೊದಲೇ ಬಾಟಲಿ ತೆಗೆದು ಜಗ್ಗಿಗೆ ಬಗ್ಗಿಸಿಡಿ.