ಲೂಯಿವಿಲ್ ಸರಕು ವಿಮಾನ ದುರಂತ: ಎಂಜಿನ್ ಕಿತ್ತುಬಂದದ್ದು ಹೇಗೆ?

2025ರ ನವೆಂಬರ್ 4ರಂದು ಅಮೆರಿಕದ ಲೂಯಿವಿಲ್‌ನಿಂದ ಹೊನಲುಲುಗೆ ಹೊರಟ ಯುಪಿಎಸ್ ಕಂಪನಿಯ 2976 ಸಂಖ್ಯೆಯ ಸರಕು ವಿಮಾನ ನೆಲದಿಂದ ಸುಮಾರು 30 ಅಡಿಗಿಂತ ಮೇಲೇರಲಿಲ್ಲ. ವಿಮಾನದಲ್ಲಿದ್ದ ಮೂವರೂ, ನೆಲದ ಮೇಲಿದ್ದ ಹಲವರೂ ಸತ್ತರು. ಎಂಜಿನ್ ಕೈಕೊಟ್ಟಿತು ಎಂದಷ್ಟೇ ಹೇಳಿದರೆ ವಿಷಯ ಅರ್ಥವಾಗುವುದಿಲ್ಲ. ಈ ವಿಮಾನ ಎಂಡಿ-11 ಮಾದರಿಯದು, ಅದಕ್ಕೆ ಮೂರು ಎಂಜಿನ್. ಟೇಕಾಫ್ ವೇಳೆ ಒಂದು ನಿಂತರೂ ಮೇಲೇರಬೇಕೆಂಬುದು ನಿಯಮ. ಆದರೆ ಇಲ್ಲಿ ಎಡ ಎಂಜಿನ್ ರೆಕ್ಕೆಗೆ ಜೋಡಿಸುವ ಪೈಲಾನ್ ಸಮೇತ ಕಿತ್ತುಬಂತು, ರೆಕ್ಕೆಗೆ ಬೆಂಕಿ ಹತ್ತಿತು.

ಇದೇ ವಂಶದ ಡಿಸಿ-10 ವಿಮಾನ 1979ರ ಮೇ 25ರಂದು ಶಿಕಾಗೊದಲ್ಲಿ ಹೀಗೆಯೇ ಎಡ ಎಂಜಿನ್ ಕಳೆದುಕೊಂಡು 273 ಜನ ಸತ್ತಿದ್ದರು. ಎಂಜಿನ್, ಪೈಲಾನ್ ಎರಡನ್ನೂ ಫೋರ್ಕ್‌ಲಿಫ್ಟ್‌ನಲ್ಲಿ ಒಟ್ಟಿಗೇ ಬಿಚ್ಚಿ ಜೋಡಿಸುವಾಗ ಪೈಲಾನ್‌ನ ಹಿಂಭಾಗ ಬಿರುಕು ಬಿಟ್ಟಿತ್ತು. ಆ ಪದ್ಧತಿ ನಿಂತಿತು. ಮುಂದಿನ ದಶಕಗಳಲ್ಲಿ ಈ ವಿಮಾನಗಳು ಪ್ರಯಾಣಿಕರನ್ನು ಬಿಟ್ಟು ಸರಕಿಗೆ ಬಂದವು.

ಲೂಯಿವಿಲ್‌ನಲ್ಲಿ ತನಿಖೆ ನಿಂತಿರುವುದು ಅಂಗೈಯಗಲದ ಜಾಗದ ಮೇಲೆ. ಪೈಲಾನ್‌ನ ಹಿಂತುದಿಯಲ್ಲಿ ಎರಡು ಲಗ್‌ಗಳು, ಅಂದರೆ ತೂತಿರುವ ಲೋಹದ ಕಿವಿಗಳಿವೆ. ಅವುಗಳೊಳಗೆ ಗೋಳಾಕಾರದ ಬೇರಿಂಗ್ ಕೂತಿರುತ್ತದೆ. ಅದರ ಮೂಲಕ ಹಾಯುವ ಬೋಲ್ಟು ರೆಕ್ಕೆಯ ಕ್ಲೆವಿಸ್‌ಗೆ, ಅಂದರೆ ಕವಲಾದ ಹಿಡಿಕೆಗೆ, ಸೇರುತ್ತದೆ. ಬೇರಿಂಗ್‌ನ ಹೊರಬಳೆಯ ಒಳಮೈಯಲ್ಲಿ ಸುತ್ತಲೂ ಒಂದು ತೋಡು ಇದೆ. ಲೋಹದ ದಣಿವಿನ ಬಿರುಕು ಅಲ್ಲಿಂದಲೇ ಹೊರಟು ಬಳೆಯನ್ನು ಸುತ್ತುವರಿದಿತ್ತು. ಲಗ್‌ಗಳಲ್ಲೂ ಅಂಥದೇ ಬಿರುಕು ಸಿಕ್ಕಿತು. ಬಳೆ ಒಡೆದರೆ ಬೇರಿಂಗ್ ಜಾಗ ಬಿಡುತ್ತದೆ, ಹೊರೆ ಹಂಚಿಕೆಯಾಗಬೇಕಾದ ಕಡೆ ಆಗದೆ ಲಗ್‌ನ ಮೇಲೆ ಬೀಳುತ್ತದೆ.

ಇದು ಗೊತ್ತಿಲ್ಲದ ದೋಷವೇನಲ್ಲ. ಮೂರು ವಿಮಾನಗಳಲ್ಲಿ ನಾಲ್ಕು ಬಾರಿ ಈ ಬಳೆ ಒಡೆದಿತ್ತೆಂದು 2011ರಲ್ಲೇ ತಯಾರಕರ ಪತ್ರ ಹೋಗಿತ್ತು. ಹಾರಾಟದ ಸುರಕ್ಷತೆಗೆ ಇದರಿಂದ ಧಕ್ಕೆಯಿಲ್ಲ, 60 ತಿಂಗಳಿಗೊಮ್ಮೆ ಕಣ್ಣಿನ ತಪಾಸಣೆ ಸಾಕು ಎಂಬುದು ಅದರ ತಿರುಳು. ಆದರೆ ಬಿಚ್ಚದೆ ಟಾರ್ಚು ಹಿಡಿದು ನೋಡಿದರೆ ಕಾಣುವುದು ಲಗ್‌ನ ಹೊರಮೈ. ತೋಡಿರುವುದು ಒಳಗೆ.

ಲಗ್‌ಗಳ ವಿಶೇಷ ತಪಾಸಣೆಗೆ ನಿಗದಿಯಾಗಿದ್ದ ಗಡುವು 29,200 ಹಾರಾಟಗಳು. ಈ ವಿಮಾನ ಮುಗಿಸಿದ್ದು 21,043. ಅಂದರೆ ನಿರ್ವಹಣಾ ಕೋಷ್ಟಕದ ಪ್ರಕಾರ ಏನೂ ಬಾಕಿಯಿರಲಿಲ್ಲ. ಬೇರಿಂಗ್ ಸರಿಯಿದೆ ಎಂದು ನಂಬಿ ಹಾಕಿದ ಗಡುವು, ಬೇರಿಂಗ್ ಒಡೆದ ವಿಮಾನಕ್ಕೆ ಹೇಗೆ ಅನ್ವಯಿಸೀತು? ದುರಂತವಾಗಿ ನಾಲ್ಕು ದಿನಕ್ಕೆ ಎಂಡಿ-11ಗಳ ಹಾರಾಟಕ್ಕೆ ತಡೆ ಬಿತ್ತು, ಬಳಿಕ ಡಿಸಿ-10ಕ್ಕೂ. ಬೇರಿಂಗನ್ನು ಬಿಚ್ಚಿಯೇ ನೋಡಬೇಕು, ಅದೂ ಸಲಹೆಯಾಗಿ ಅಲ್ಲ, ಕಡ್ಡಾಯ ಆದೇಶವಾಗಿ ಎಂಬ ಮಾತು ಈಗ ಬಲವಾಗಿದೆ. ಅದು 2011ರಲ್ಲೇ ಆಗಬೇಕಿತ್ತು.