ಕನ್ನಡಿ ದೊಡ್ಡದಾಗಬೇಕಿಲ್ಲ, ಅಂತರ ಜಾಸ್ತಿಯಿದ್ದರೆ ಸಾಕು

1920ರ ಡಿಸೆಂಬರ್. ಅಮೆರಿಕದ ಮೌಂಟ್ ವಿಲ್ಸನ್ ಬೆಟ್ಟದ ಮೇಲಿದ್ದ 2.5 ಮೀಟರ್ ಅಗಲದ ಕನ್ನಡಿಯ ಟೆಲಿಸ್ಕೋಪಿನ ಮೂತಿಗೆ 6 ಮೀಟರ್ ಉದ್ದದ ಉಕ್ಕಿನ ತೊಲೆ ಕಟ್ಟಿ, ಅದರ ಎರಡೂ ತುದಿಗೆ ಸಣ್ಣ ಕನ್ನಡಿ ಕೂರಿಸಿ, ಎರಡು ಕಡೆಯಿಂದ ಬಂದ ಬೆಳಕನ್ನು ವಿಜ್ಞಾನಿಗಳಾದ ಮೈಕೆಲ್ಸನ್ ಮತ್ತು ಪೀಸ್ ಒಂದೆಡೆ ಸೇರಿಸಿದರು. ನಮ್ಮ ಆರಿದ್ರಾ, ಅಂದರೆ ಬೀಟಲ್‌ಜ್ಯೂಸ್ ನಕ್ಷತ್ರದ ಅಗಲ ಅಳತೆಗೆ ಸಿಕ್ಕಿತು. ಸೂರ್ಯನನ್ನು ಬಿಟ್ಟರೆ ಹಾಗೆ ಅಳೆದ ಮೊದಲ ನಕ್ಷತ್ರ ಅದೇ.

ಇದರ ಗುಟ್ಟು ಸರಳ. ಕನ್ನಡಿ ಅಗಲವಿದ್ದಷ್ಟೂ ಬೆಳಕು ಜಾಸ್ತಿ, ಸರಿ. ಆದರೆ ಸೂಕ್ಷ್ಮ ವಿವರ ಎಷ್ಟು ಕಾಣುತ್ತದೆ ಅನ್ನುವುದು ಎರಡು ತುದಿಗಳ ನಡುವಿನ ದೂರದ ಮೇಲೆ ನಿಂತಿದೆ. ಹಾಗಾದರೆ ಒಂದು ತುದಿಯನ್ನು ಆಕಾಶಕ್ಕೇ ಕಳಿಸಿದರೆ?

ಬೆಳಕಿನ ಬದಲು ಆಕಾಶದಿಂದ ಬರುವ ರೇಡಿಯೊ ಅಲೆಗಳನ್ನು ಆಂಟೆನಾದಲ್ಲಿ ಹಿಡಿಯುವ ಖಗೋಳ ವಿಜ್ಞಾನಿಗಳಿಗೆ ಇದು ಮೊದಲು ಕೈಗೂಡಿತು. ರೇಡಿಯೊ ಅಲೆಗಳನ್ನು ಪರಮಾಣು ಗಡಿಯಾರದ ಸಮಯದ ಜೊತೆ ಟೇಪಿನಲ್ಲಿ ಹಿಡಿದಿಟ್ಟು, ಆಮೇಲೆ ನಿಧಾನವಾಗಿ ಹೊಂದಿಸಬಹುದಲ್ವಾ, ಅದೇ ಅನುಕೂಲ. 1986ರಲ್ಲಿ ನಾಸಾದ ಒಂದು ಸಂಪರ್ಕ ಉಪಗ್ರಹವನ್ನೇ ಆಂಟೆನಾ ಮಾಡಿಕೊಂಡು, ಆಸ್ಟ್ರೇಲಿಯ ಮತ್ತು ಜಪಾನಿನ ನೆಲದ ಆಂಟೆನಾಗಳ ಜೊತೆ ಸೇರಿಸಿ ಪರೀಕ್ಷೆ ಮಾಡಿದರು. ಕೆಲಸ ಆಯಿತು. 1997ರ ಫೆಬ್ರವರಿಯಲ್ಲಿ ಜಪಾನ್ ಇದಕ್ಕೆಂದೇ ಹಾಲ್ಕಾ ಉಪಗ್ರಹ ಹಾರಿಸಿತು. ಅದರ 8 ಮೀಟರ್ ಆಂಟೆನಾ ತಂತಿ ಬಲೆಯದ್ದು, ಮಡಿಚಿ ಕಳಿಸಿ ಮೇಲೆ ಬಿಚ್ಚಿದ್ದು. ಸುಮಾರು 21,000 ಕಿಲೋಮೀಟರ್ ಎತ್ತರದವರೆಗೂ ಹೋಗುತ್ತಿತ್ತು.

2011ರಲ್ಲಿ ರಷ್ಯಾದ ರೇಡಿಯೋಆಸ್ಟ್ರಾನ್ ಉಪಗ್ರಹ ಅದನ್ನು ಎಲ್ಲೋ ಹಿಂದೆ ಬಿಟ್ಟಿತು. 27 ದಳಗಳ 10 ಮೀಟರ್ ಆಂಟೆನಾ, ಹೆಚ್ಚೆಂದರೆ ಸುಮಾರು 3,50,000 ಕಿಲೋಮೀಟರ್ ದೂರ, ಅಂದರೆ ಹತ್ತಿರ ಹತ್ತಿರ ಚಂದ್ರನವರೆಗೆ! ಅದು ತಲುಪಿದ ಸೂಕ್ಷ್ಮತೆ ಎಷ್ಟೆಂದರೆ, ಚಂದ್ರನ ಮೇಲೆ ಒಂದು ರೂಪಾಯಿ ನಾಣ್ಯವಿಟ್ಟರೆ ಅದು ಎಷ್ಟು ಚಿಕ್ಕದಾಗಿ ಕಾಣುತ್ತದೋ ಸುಮಾರು ಅಷ್ಟು. ಇಲ್ಲೊಂದು ತೊಡಕೂ ಇದೆ: ಮೇಲೆ ಇದ್ದದ್ದು ಒಂದೇ ಆಂಟೆನಾ. ಬಹು ದೂರ ಹೋದಾಗ ಅಳತೆ ಸಿಗುತ್ತಿತ್ತು, ತುಂಬಿದ ಚಿತ್ರ ಸಿಗುವುದು ಕಷ್ಟ. 2019ರಲ್ಲಿ ಅದು ಮೌನವಾಯಿತು.

ಬೆಳಕಿನ ಕಥೆ ಬೇರೆ. ಬೆಳಕಿನ ಅಲೆಯನ್ನು ಹಾಗೆ ಸುಮ್ನೆ ಟೇಪಿಗೆ ಹಾಕಿಡಲು ಬರುವುದಿಲ್ಲ, ಅಲ್ಲಲ್ಲೇ ಸೇರಿಸಬೇಕು. ಯುರೋಪಿನ ಡಾರ್ವಿನ್ ಯೋಜನೆಯಲ್ಲಿ ಹಲವು ಟೆಲಿಸ್ಕೋಪುಗಳು ಬಾಹ್ಯಾಕಾಶದಲ್ಲಿ ಜೊತೆಜೊತೆಯಾಗಿ ಹಾರಬೇಕಿತ್ತು. 2007ರಲ್ಲಿ ಅದನ್ನು ಕೈಬಿಟ್ಟರು.

ಜೊತೆಯಾಗಿ ಹಾರುವುದನ್ನಾದರೂ ಕಲಿಯೋಣ ಎಂಬಂತೆ ಬಂದದ್ದು ಯುರೋಪಿನದೇ ಪ್ರೋಬಾ-3, ಎರಡು ಉಪಗ್ರಹಗಳ ಜೋಡಿ. 2024ರ ಡಿಸೆಂಬರ್‌ನಲ್ಲಿ ಶ್ರೀಹರಿಕೋಟಾದಿಂದ ನಮ್ಮ ಪಿಎಸ್‌ಎಲ್‌ವಿಯೇ ಅದನ್ನು ಒಯ್ದಿತು. ಒಂದು ಉಪಗ್ರಹ ಸೂರ್ಯನನ್ನು ಮರೆಮಾಡುತ್ತದೆ, 150 ಮೀಟರ್ ಹಿಂದಿರುವ ಇನ್ನೊಂದು ಸೂರ್ಯನ ಸುತ್ತಲಿನ ಪ್ರಭೆಯನ್ನು ನೋಡುತ್ತದೆ. ಟೆಲಿಸ್ಕೋಪ್ ಸೇರಿಸುವ ಕೆಲಸ ಅದರದ್ದಲ್ಲ. ಆದರೆ ಇಬ್ಬರ ನಡುವಿನ ಜಾಗ ಮಿಲಿಮೀಟರ್ ಮಟ್ಟಕ್ಕೆ ಸರಿಯಿರಬೇಕು. ಅದೇ ಒಂದು ಮಿಲಿಮೀಟರಿನಲ್ಲಿ ಹಸಿರು ಬೆಳಕಿನ ಅಲೆಗಳು ಸುಮಾರು 2,000 ಹಿಡಿಸುತ್ತವೆ. ಎರಡು ಟೆಲಿಸ್ಕೋಪುಗಳ ಬೆಳಕನ್ನು ಸೇರಿಸುವವರು ಒಂದೇ ಒಂದು ಅಲೆಯ ಚೂರಿನಷ್ಟೂ ತಪ್ಪುವಂತಿಲ್ಲ. ಹಾರಾಟದಲ್ಲಿ ಉಳಿದ ತಪ್ಪನ್ನು ಒಳಗಿನ ಓಡಾಡುವ ಕನ್ನಡಿಗಳೇ ಕ್ಷಣಕ್ಷಣಕ್ಕೂ ಸರಿಮಾಡುತ್ತಾ ಇರಬೇಕು.